ಗಾಜು, ಬಾಗಿಲು, ಜಗಲಿ: ಕಲಾವಿದರ ಹಂಚಿಕೆಯ ಸ್ಟುಡಿಯೊಗೆ ಯಾವ ನಕ್ಷೆ ಒಗ್ಗುತ್ತದೆ?

ಹತ್ತು ಮಂದಿ ಕಲಾವಿದರು ಒಂದೇ ಸೂರಿನಡಿ ಕೆಲಸ ಮಾಡಬೇಕು, ಅಕ್ಕಪಕ್ಕದವರೂ ಸಲೀಸಾಗಿ ಬಂದುಹೋಗಬೇಕು. ಇದಕ್ಕೆ ಮೂರು ದಾರಿಗಳಿವೆ. ಒಂದು, ಬೀದಿಗೆ ಗಾಜಿನ ಮುಖವಿರುವ ಸ್ಟುಡಿಯೊಗಳು. ಎರಡು, ಬಾಗಿಲು ಹಾಕಿಕೊಂಡ ಕೋಣೆಗಳು, ತಿಂಗಳಿಗೊಮ್ಮೆ ಎಲ್ಲರಿಗೂ ಪ್ರವೇಶ. ಮೂರು, ಮುಂದೆ ಬಂದವರೂ ಕೂತು ಕೆಲಸ ಮಾಡುವ ಜಗಲಿಯಂಥ ಕಾರ್ಯಾಗಾರ, ಹಿಂದೆ ಮುಚ್ಚಿದ ಕೋಣೆಗಳು. ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಮತ ಮೂರನೆಯದಕ್ಕೆ, ಆದರೆ ಷರತ್ತುಗಳೊಂದಿಗೆ. ಕೆಳಗಿನ ಲೆಕ್ಕವೆಲ್ಲ 3000 ಚದರಡಿಯ, ಬೀದಿಗೆ 30 ಅಡಿ ಮುಖವಿರುವ ಕಟ್ಟಡಕ್ಕೆ.

ಗಾಜಿನದು ನಕ್ಷೆಯಲ್ಲಿ ಬಲು ಚೆಂದ. ಆದರೆ ಹತ್ತಡಿ ಅಗಲದ ಸ್ಟುಡಿಯೊ ಅಂದರೆ 30 ಅಡಿಗೆ ಮೂರೇ ಮೂರು. ಉಳಿದ ಏಳು ಮಂದಿ ಹಿಂದೆ ಕತ್ತಲಲ್ಲಿ. ಮುಂದಿನ ಮೂವರು ಇಡೀ ಕಟ್ಟಡಕ್ಕೆ ಬಿಟ್ಟಿ ಸ್ವಾಗತಕಾರರಾಗುತ್ತಾರೆ: ಕೊರಿಯರ್ ಬಂದರೂ ಅವರೇ, ‘ಒಳಗೆ ಬರಬಹುದಾ?’ ಎಂದು ಗಾಜು ತಟ್ಟಿದರೂ ಅವರೇ. ಕೆಲವೇ ವಾರಗಳಲ್ಲಿ ಗಾಜಿನ ಒಳಬದಿಗೆ ಬ್ರೌನ್ ಪೇಪರ್ ಅಂಟುತ್ತದೆ. ಅಲ್ಲಿಗೆ ಗಾಜು ಗೋಡೆಯಾಯಿತು. ಗಾಜು ಅನಿವಾರ್ಯವಾದರೆ ಕೆಲಸದ ಮೇಜನ್ನು ಅದಕ್ಕೆ ಎದುರಾಗಿ ಇಡಬೇಡಿ, ಲಂಬವಾಗಿ ಇಡಿ. ಆಗ ದಾರಿಹೋಕರಿಗೆ ಕೈಯೂ ಕೆಲಸವೂ ಬದಿಯಿಂದ ಕಾಣುತ್ತವೆ, ಕಣ್ಣಿಗೆ ಕಣ್ಣು ಸಿಗುವುದಿಲ್ಲ. ನೋಡುವವರಿಗೂ ಸಂಕೋಚ ಕಡಿಮೆ, ನಿಂತು ನೋಡುತ್ತಾರೆ. ಅಮೆರಿಕದ ಅಲೆಕ್ಸಾಂಡ್ರಿಯಾದಲ್ಲಿ ಹಳೆಯ ಟಾರ್ಪೆಡೊ ಕಾರ್ಖಾನೆ 1974ರಲ್ಲಿ ಕಲಾಕೇಂದ್ರವಾಯಿತು, ಕೆಲಸ ಮಾಡುವ ಕಲಾವಿದರನ್ನು ಜನ ಅಲ್ಲಿ ಹತ್ತಿರದಿಂದ ನೋಡಬಹುದು ಎಂದು ಈ ಮಾದರಿಯವರು ಉದಾಹರಣೆ ಕೊಡುತ್ತಾರೆ. ಅಲ್ಲಿಗೆ ಹೋಗುವವರು ನೋಡಲೆಂದೇ ಹೋಗುವವರು. ಬಸ್ಸು ಹಿಡಿಯಲು ಓಡುವವರ ಎದುರಿನ ಗಾಜಿನ ಕಥೆ ಬೇರೆ.

ತಿಂಗಳಿಗೊಮ್ಮೆ ಬಾಗಿಲು ತೆರೆಯುವ ಪದ್ಧತಿಯಲ್ಲಿ ಏಕಾಗ್ರತೆಗೆ ಕೊರತೆಯಿಲ್ಲ. ಆದರೆ ಆ ಒಂದು ದಿನಕ್ಕಾಗಿ ಎರಡು ದಿನ ಗುಡಿಸುವುದರಲ್ಲೇ ಹೋಗುತ್ತದೆ. ಬರುವವರೋ ಕಲಾವಿದರ ಗೆಳೆಯರು, ಬೇರೆ ಕಲಾವಿದರು. ಎದುರುಮನೆಯವರು ಬರುವುದಿಲ್ಲ, ಏಕೆಂದರೆ ಅದು ಯಾರದೋ ಸಮಾರಂಭದಂತೆ ಕಾಣುತ್ತದೆ. ವಾರಕ್ಕೊಮ್ಮೆ, ನಿಗದಿತ ಸಂಜೆ, ಎರಡೇ ಗಂಟೆ, ಸರದಿಯಂತೆ ಮೂರೇ ಕೋಣೆ ತೆರೆದರೆ ಫಲ ಹೆಚ್ಚು, ಶ್ರಮ ಕಡಿಮೆ.

ಜಗಲಿ ಮಾದರಿಯ ಹಂಚಿಕೆ ಹೀಗೆ: ಮುಂದಿನ ಕಾರ್ಯಾಗಾರಕ್ಕೆ 500 ಚದರಡಿ, ತಲಾ 150ರ ಹತ್ತು ಕೋಣೆಗೆ 1500, ಐದಡಿ ಅಗಲದ ಓಣಿಗೆ 350, ಕಿಲ್ನ್ (ಮಣ್ಣಿನ ಪಾತ್ರೆ ಸುಡುವ ಗೂಡು) ಮತ್ತು ನೀರಿನ ಕೆಲಸಕ್ಕೆ 300, ಉಗ್ರಾಣಕ್ಕೆ 200, ಶೌಚಾಲಯಕ್ಕೆ 150. ಸ್ಟುಡಿಯೊಗಳನ್ನು ಹಿಗ್ಗಿಸಲು ಎಲ್ಲರೂ ಮೊದಲು ಕಣ್ಣು ಹಾಕುವುದು ಆ 500ರ ಮೇಲೆ. ಅದು 300ಕ್ಕೆ ಇಳಿದರೆ ನಾಲ್ಕಡಿ–ಎಂಟಡಿಯ ಎರಡು ಮೇಜು ಹಾಕಿ ಸುತ್ತ ಜನ ಕೂತರೆ ಅವರ ಹಿಂದೆ ಓಡಾಡಲು ಇಕ್ಕಟ್ಟಾಗುತ್ತದೆ. ಜಗಲಿ ಹೋಗಿ ಪಡಸಾಲೆಯ ಮೂಲೆಯಾಗುತ್ತದೆ.

ಆ ಮೇಜಿನ ಮೇಲೆ ಯಾವ ಕೆಲಸ ಇಡಬೇಕು ಅನ್ನುವುದಕ್ಕೆ ಗೋಡೆಗಿಂತ ಹೆಚ್ಚು ತೂಕವಿದೆ. ಲಿನೊ (ಕೆತ್ತಲು ಬರುವ ಮೆತ್ತನೆಯ ಹಾಳೆ) ಅಚ್ಚು ಮತ್ತು ಜೇಡಿಮಣ್ಣನ್ನು ಹೋಲಿಸಿ ನೋಡಿ. ಕೆತ್ತಿಟ್ಟ ಲಿನೊ ಇದ್ದರೆ, ನೀರಿನ ಶಾಯಿ ಹಚ್ಚಿ ಬಂದವರು ಅರ್ಧ ಗಂಟೆಯೊಳಗೆ ಒಂದು ಅಚ್ಚು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಖುಷಿ, ಆದರೆ ಮತ್ತೆ ಬರಲು ಕಾರಣವಿಲ್ಲ. ಮಣ್ಣಿನದು ನಿಧಾನ: ಲೋಟ ಒಣಗಲು ಒಂದು ವಾರ ಬೇಕು. ಮೊದಲ ಸುಡುವಿಕೆ ಸುಮಾರು 1000 ಡಿಗ್ರಿಗೆ, ಆರಲು ಒಂದು ರಾತ್ರಿ. ಆಮೇಲೆ ಗ್ಲೇಜ್ ಎಂಬ ಗಾಜಿನಂಥ ಲೇಪ, ಮತ್ತೆ ಸುಡುವಿಕೆ. ಅದೇ ಮನುಷ್ಯ ಮೂರು ಸಲ ಬರುತ್ತಾನೆ, ಮೂರನೆಯ ಸಲ ಜೊತೆಗೆ ಯಾರನ್ನೋ ಕರೆತರುತ್ತಾನೆ. ಎಡವಟ್ಟಾಗುವುದು ಅವಸರದಲ್ಲಿ: ಹಸಿ ಉಳಿದ ಲೋಟ ಕಿಲ್ನ್‌ಗೆ ಹೋದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಚೂರುಗಳು ಪಕ್ಕದವರ ಪಾತ್ರೆಗೂ ಬಡಿಯುತ್ತವೆ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಕಿಲ್ನ್ ಮಾತ್ರ ಜಗಲಿಯಲ್ಲಿ ಬೇಡ. ಬೀಗವಿರುವ ಕೋಣೆ, ಸುತ್ತ ಕನಿಷ್ಠ ಒಂದೂವರೆ ಅಡಿ ತೆರವು, ಹೊರಕ್ಕೆ ಗಾಳಿ ಎಳೆಯುವ ಫ್ಯಾನ್, ಅದಕ್ಕೇ ಮೀಸಲಾದ ವಿದ್ಯುತ್ ಸರ್ಕ್ಯೂಟ್.

ಸಿಂಕ್ ಎರಡು ಬೇಕು. ಮುಂದಿನದು ಕೈ ತೊಳೆಯಲು, ಹಿಂದಿನದು ಮಣ್ಣಿಗೆ, ಅದರ ಕೆಳಗೆ ಕೆಸರು ತಂಗುವ ತೊಟ್ಟಿ. ಕೆಸರು ಅರ್ಧಕ್ಕೆ ಬಂದಾಗಲೇ ಎತ್ತಬೇಕು, ಇಲ್ಲದಿದ್ದರೆ ತಂಗಲು ಪುರಸೊತ್ತಿಲ್ಲದೆ ಪೈಪಿಗೆ ಹೋಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಯಾವ ಸಿಂಕಿಗೂ ಹೋಗಕೂಡದು, ನೀರಿನೊಳಗೂ ಅದು ಗಟ್ಟಿಯಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಜಗಲಿಯ ಕಸದ ಬುಟ್ಟಿಗೆ ಎಸೆಯುವುದು ಇನ್ನೂ ಅಪಾಯ. ಮುದ್ದೆಯಾಗಿ ಬಿದ್ದ ಬಟ್ಟೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ಲೋಹದ ಡಬ್ಬ, ಒಳಗೆ ನೀರು, ದಿನವೂ ಖಾಲಿ.

ಕೋಣೆಗಳ ನಡುವೆ ಎಂಟಡಿಯ ಅರ್ಧಗೋಡೆಯೋ ಸೂರಿನವರೆಗಿನ ಗೋಡೆಯೋ? ಅರ್ಧಗೋಡೆಯಲ್ಲಿ ಬೆಳಕೂ ಗಾಳಿಯೂ ಸಲೀಸು, ಟರ್ಪೆಂಟೈನ್ ವಾಸನೆಯೂ ಅಷ್ಟೇ ಸಲೀಸು. ಸದ್ದಿಗಂತೂ ಅದು ಗೋಡೆಯೇ ಅಲ್ಲ: ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಒಟ್ಟು ತಡೆ 20 ಡೆಸಿಬೆಲ್ ಆಸುಪಾಸಿಗೆ ನಿಂತುಬಿಡುತ್ತದೆ. ಚಿತ್ರ, ಹೊಲಿಗೆಯವರಿಗೆ ಅರ್ಧಗೋಡೆ ಸಾಕು. ಮರ, ಕಲ್ಲು, ಲೋಹದವರಿಗೂ ಜಗಲಿಗೆ ತಾಗಿದ ಕೋಣೆಗಳಿಗೂ ಪೂರ್ತಿ ಗೋಡೆ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ.

ಮುಂಬಾಗಿಲಲ್ಲಿ ಆರಿಂಚಿನ ಒಂದೇ ಮೆಟ್ಟಿಲಿದ್ದರೂ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೊರಗೇ ಉಳಿಯುತ್ತವೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಲೆಕ್ಕದ ಇಳಿಜಾರಿಗೆ ಅಲ್ಲಿ ಆರಡಿ ಉದ್ದ ಬೇಕು, ಅದನ್ನು ನಕ್ಷೆಯಲ್ಲೇ ಬಿಡಿ. ಹಿಂದಿನ ಪ್ರತಿ ಬಾಗಿಲಿಗೂ ತಿರುಗಿಸುವ ಫಲಕ: ‘ಬನ್ನಿ’, ‘ನೋಡಿ, ಮಾತು ಬೇಡ’, ‘ಇಂದು ಇಲ್ಲ’. ನಡುವಿನದೇ ಹೆಚ್ಚು ಬಳಕೆಯಾಗುವುದು.

ಜಗಲಿಯ ದೊಡ್ಡ ತೊಡಕು ಆಳಿನದು. ವಾರಕ್ಕೆ ಮೂರು ಸಲ ತೆರೆದು, ಸಲಕ್ಕೆ ಇಬ್ಬರು ಕೂತರೆ ಹತ್ತು ಮಂದಿಯಲ್ಲಿ ಪ್ರತಿಯೊಬ್ಬರ ಪಾಳಿ ಸುಮಾರು ಹನ್ನೆರಡು ದಿನಕ್ಕೊಮ್ಮೆ ಬರುತ್ತದೆ. ತಪ್ಪಿಸಿಕೊಳ್ಳುವವರು ಇಬ್ಬರಿದ್ದರೆ ಹೊರೆ ಉಳಿದ ಎಂಟು ಮಂದಿಗೆ, ಆಮೇಲೆ ಬಾಗಿಲು ಒಂದೊಂದೇ ದಿನ ತೆರೆಯದೆ ಉಳಿಯುತ್ತದೆ. ಕಟ್ಟಡ ಹಿಡಿಯುವ ಮೊದಲೇ ಪಾಳಿಯನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಲು ಆಗದಿದ್ದರೆ ಜಗಲಿಯ ಆಸೆ ಬಿಟ್ಟು, ವಾರದ ಒಂದು ಸಂಜೆ ಮೂರು ಕೋಣೆ ತೆರೆಯುವ ಎರಡನೆಯ ದಾರಿಯನ್ನೇ ಹಿಡಿಯಿರಿ.