ಬಾಟಲ್‌ನೆಕ್ ಅಂದ ತಕ್ಷಣ ಪರ್ಸ್ ತೆಗೀಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಹದಿನಾಲ್ಕು ವರ್ಷದಿಂದ ಐಟಿಯಲ್ಲಿ ಕೆಲಸ ಮಾಡುತ್ತಿರುವವನು ನಾನು. ಆಫೀಸಲ್ಲಿ ಯಾರ ಲ್ಯಾಪ್‌ಟಾಪ್ ಸ್ಲೋ ಆದರೂ ನನ್ನ ಹತ್ತಿರವೇ ಬರುತ್ತಾರೆ. ಅಂಥವನಿಗೆ ಮನೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಹೋಗಿ 17,800 ರೂಪಾಯಿ ಟೋಪಿ ಬಿತ್ತು. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ಇವತ್ತು ಇನ್ನೊಬ್ಬರು ಅದೇ ಕೌಂಟರ್ ಮುಂದೆ ಕ್ಯಾಬಿನೆಟ್ ಹಿಡಿದು ನಿಂತಿರಬಹುದು ಅಂತ ನೆನೆಸಿಕೊಂಡರೆ ಸುಮ್ಮನಿರೋಕೆ ಆಗುತ್ತಿಲ್ಲ.

ನನ್ನ ಪಿಸಿ ಇದು: ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬ), ಹಳೆಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಎರಡು ವರ್ಷ ದುಡ್ಡು ಕೂಡಿಟ್ಟು ಆರ್‌ಟಿಎಕ್ಸ್ 4060 ಕಾರ್ಡ್ ತಗೊಳ್ಳೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಕಾರ್ಡಿಗೆ 31,000. ಅಂಗಡಿಯವರು, "ಕ್ಯಾಬಿನೆಟ್ ತಂದ್ರೆ ಫಿಟ್ಟಿಂಗ್ ಫ್ರೀ ಸರ್" ಅಂದಿದ್ದರು. ಆಟೋದಲ್ಲಿ ಕ್ಯಾಬಿನೆಟ್ಟನ್ನು ಮಗು ಥರ ತೊಡೆ ಮೇಲೆ ಕೂರಿಸಿಕೊಂಡು ಹೋದೆ. ಮನೆಯಲ್ಲೇ ಹಾಕಬಹುದಿತ್ತು. ಎರಡು ಸ್ಕ್ರೂ, ಒಂದು ಪವರ್ ಕೇಬಲ್, ಅಷ್ಟೇ ಕೆಲಸ. ಹೊಸ ಕಾರ್ಡು, ಯಾಕೆ ರಿಸ್ಕು ಅಂತ ಅವರ ಕೈಗೆ ಕೊಟ್ಟೆ.

ಹುಡುಗ ಹಳೆ ಕಾರ್ಡ್ ಬಿಚ್ಚಲು ಶುರು ಮಾಡಿದ. ನಾನು ಟೀ ಕುಡಿಯಲು ಹೋದೆ. ಹೋಗಬಾರದಿತ್ತು. ವಾಪಸ್ ಬಂದಾಗ ಹೊಸ ಕಾರ್ಡ್ ಕೂತಿತ್ತು, ಫ್ಯಾನ್ ತಿರುಗುತ್ತಿತ್ತು, ಸ್ಕ್ರೀನ್ ಬಂದಿತ್ತು. ಆದರೂ ಕಣ್ಣಿಗೆ ಏನೋ ಬೇರೆ ಅನ್ನಿಸಿತು.

"ಸ್ವಲ್ಪ ಕೆಳಗೆ ಕೂತ ಹಾಗಿದೆಯಲ್ಲಪ್ಪ?" ಅಂದೆ.

"ಗಾಳಿ ಆಡ್ಲಿ ಅಂತ ಸರ್. ಮೇಲೆ ಹಾಕಿದ್ರೆ ಪ್ರೊಸೆಸರ್ ಬಿಸಿ ಎಲ್ಲ ಕಾರ್ಡಿಗೆ ಹೊಡೆಯುತ್ತೆ."

ಈ ಮಾತು ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ. ಅವತ್ತು ಏನನ್ನಿಸಿತು ಗೊತ್ತಾ? ಎಷ್ಟು ಯೋಚನೆ ಮಾಡಿ ಕೆಲಸ ಮಾಡ್ತಾನೆ ಹುಡುಗ ಅಂತ! ಕೈಗೆ ಐವತ್ತು ರೂಪಾಯಿ ಬೇರೆ ಕೊಟ್ಟು ಬಂದೆ.

ಮನೆಗೆ ಬಂದು ಸೈಬರ್‌ಪಂಕ್ 2077 ಗೇಮ್ ಹಾಕಿದೆ. 1080ಪಿ ರೆಸಲ್ಯೂಷನ್, ಹೈ ಸೆಟ್ಟಿಂಗ್. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋ ಲೆಕ್ಕ) 45, 50, ಮತ್ತೆ 38. ಕಾರಲ್ಲಿ ಊರೊಳಗೆ ಹೋದರೆ ತಡೆದು ತಡೆದು ಓಡುತ್ತಿತ್ತು. 31 ಸಾವಿರ ಹಾಕಿದ್ದು ಇದಕ್ಕಾ? ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಕಾರ್ಡಿನ ಬಳಕೆ 55-60%. ಪ್ರೊಸೆಸರ್ 45%. ಇಬ್ಬರೂ ಅರ್ಧಂಬರ್ಧ ಕೆಲಸ ಮಾಡುತ್ತಿದ್ದಾರೆ. ಡ್ರೈವರ್ ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ರೆಸಲ್ಯೂಷನ್ 720ಪಿಗೆ ಇಳಿಸಿದೆ. ಎಫ್‌ಪಿಎಸ್ ಹೆಚ್ಚು ಕಮ್ಮಿ ಅಷ್ಟೇ.

ಇದನ್ನೆಲ್ಲ ವಾಟ್ಸಾಪಿನಲ್ಲಿ ಅಂಗಡಿಯವರಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ: "ಬಾಟಲ್‌ನೆಕ್ ಸರ್. 3600 ಹಳೇದಾಯ್ತು." ಅಂದರೆ ಒಂದು ಭಾಗ ನಿಧಾನವಾಗಿ ಉಳಿದದ್ದನ್ನೂ ತಡೆಯುತ್ತಿದೆ ಅಂತ. ಜೊತೆಗೆ ಯಾವುದೋ ಬಾಟಲ್‌ನೆಕ್ ಕ್ಯಾಲ್ಕುಲೇಟರಿನ ಸ್ಕ್ರೀನ್‌ಶಾಟ್. ಕೆಂಪು ಅಕ್ಷರದಲ್ಲಿ 27%. ಆ ಕ್ಯಾಲ್ಕುಲೇಟರುಗಳಿಗೆ ನೀವು ಯಾವ ಗೇಮ್ ಆಡ್ತೀರಿ, ಯಾವ ಸೆಟ್ಟಿಂಗ್ ಹಾಕ್ತೀರಿ ಒಂದೂ ಗೊತ್ತಿರುವುದಿಲ್ಲ. ಎರಡು ಹೆಸರು ಕೊಟ್ಟರೆ ಒಂದು ಪರ್ಸೆಂಟ್ ಉದುರಿಸುತ್ತವೆ, ಗಿಳಿ ಶಾಸ್ತ್ರದ ಹಾಗೆ. ಆದರೆ ನಾನು ನಂಬಿದೆ. ಯಾಕೆ ನಂಬಿದೆ ಅಂದರೆ ಅದರಲ್ಲಿ ಅರ್ಧ ಸತ್ಯ ಇತ್ತು. ರೆಸಲ್ಯೂಷನ್ ಇಳಿಸಿದರೂ ಎಫ್‌ಪಿಎಸ್ ಏರಲಿಲ್ಲ ಅಂದರೆ ಸಾಮಾನ್ಯವಾಗಿ ಪ್ರೊಸೆಸರ್ ಮೇಲೇ ಅನುಮಾನ ಬರುತ್ತದೆ. ಪ್ರೊಸೆಸರಿನೊಳಗೆ ಕೆಲಸ ಹಂಚಿಕೊಳ್ಳುವ ಹಲವು ಕೋರ್ ಇರುತ್ತವೆ, ಒಟ್ಟು 45% ತೋರಿಸಿದರೂ ಒಂದೇ ಕೋರ್ ಪೂರ್ತಿ ಸುಸ್ತಾಗಿರಬಹುದು. ಕೆಲವು ಗೇಮಲ್ಲಿ 3600 ನಿಜವಾಗಿಯೂ 4060ಯನ್ನು ಹಿಡಿದೆಳೆಯುತ್ತದೆ. ನಾನು ಕೋರ್ ಕೋರ್ ಬಿಡಿಸಿ ನೋಡಿದ್ದರೆ ಯಾವ ಕೋರೂ ತುಂಬಿಲ್ಲ ಅಂತ ಅವತ್ತೇ ಗೊತ್ತಾಗುತ್ತಿತ್ತು. ನೋಡಲಿಲ್ಲ.

ಮತ್ತೆ ಆಟೋ, ಮತ್ತೆ ತೊಡೆ ಮೇಲೆ ಕ್ಯಾಬಿನೆಟ್. ರೈಜನ್ 5 5600ಗೆ 13,500, ನನ್ನ 3600ಗೆ ಎಕ್ಸ್‌ಚೇಂಜ್ 2,500. ಕೈಯಿಂದ 11,000. ಹೊಸ ಪ್ರೊಸೆಸರಿಗೆ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಕು ಅಂತ 500. ಅದು ಬೇಕಾಗಿದ್ದು ನಿಜ, ಇರಲಿ. "ಬಿಲ್ ಬೇಕಾ ಸರ್? ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ." ಬೇಡ ಅಂದೆ. ಚೀಟಿಯಲ್ಲಿ ಬರೆದುಕೊಟ್ಟರು. ಇದೂ ನನ್ನ ತಪ್ಪೇ.

ಎಷ್ಟು ಏರಿತು? ನಾಲ್ಕೋ ಐದೋ ಎಫ್‌ಪಿಎಸ್. ತಡೆದು ತಡೆದು ಓಡುವುದು ಹಾಗೇ ಇತ್ತು.

ಫೋನ್ ಮಾಡಿದೆ. "ಹಾಗಾದ್ರೆ ಪವರ್ ಸಾಲ್ತಿಲ್ಲ ಸರ್. ಎಸ್‌ಎಂಪಿಎಸ್ ಬದಲಾಯಿಸಿ, ನೂರಕ್ಕೆ ನೂರು ಸರಿ ಹೋಗುತ್ತೆ." ಮೂರನೇ ಸಲ ಹೋದೆ. 650 ವ್ಯಾಟಿನದು 5,500, "ಚೆಕಿಂಗ್" ಅಂತ 800. 4060 ಪೂರ್ತಿ ಎಳೆದರೂ 115 ವ್ಯಾಟ್. ಎನ್‌ವಿಡಿಯಾ ಹೇಳುವುದೇ 550 ವ್ಯಾಟ್ ಎಸ್‌ಎಂಪಿಎಸ್ ಸಾಕು ಅಂತ. ನನ್ನ ಹತ್ತಿರ ಇದ್ದದ್ದು ಅದೇ! ಇದು ಕಾರ್ಡಿನ ಡಬ್ಬದ ಮೇಲೇ ಬರೆದಿತ್ತು. ಡಬ್ಬ ನನ್ನ ಮನೆಯ ಬೀರು ಮೇಲಿತ್ತು.

ಎಸ್‌ಎಂಪಿಎಸ್ ಹಾಕಿದ ಮೇಲೆ ಏನೂ ಬದಲಾಗಲಿಲ್ಲ. ಒಂದು ಎಫ್‌ಪಿಎಸ್ ಕೂಡ ಇಲ್ಲ.

ನಾಲ್ಕನೇ ಸಲ ಫೋನ್ ಮಾಡಿದಾಗ ಬಂದ ಉತ್ತರ: "ಮದರ್‌ಬೋರ್ಡ್ ಸರ್. ನಿಮ್ಮದು ಪಿಸಿಐಇ ಜೆನ್ 3, ಕಾರ್ಡು ಜೆನ್ 4. ಅಲ್ಲೇ ಬಾಟಲ್‌ನೆಕ್. ಬಿ550 ಹಾಕೋಣ, ನಿಮಗೆ 12,000ಕ್ಕೆ ಮಾಡಿಕೊಡ್ತೀನಿ." ಪಿಸಿಐಇ ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ, ಜೆನ್ ಅಂದರೆ ಅದರ ತಲೆಮಾರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕೇಳಿಸಿಕೊಂಡಳು. "ಇನ್ನು ಉಳಿದಿರೋದು ಟೇಬಲ್ಲೊಂದೇ, ಅದನ್ನೂ ಬದಲಾಯಿಸಿ ಅಂತಾರೆ ನೋಡಿ" ಅಂದಳು.

ಆಮೇಲೆ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಥೆಯೆಲ್ಲ ಕೇಳಿ ಒಂದೇ ಮಾತು ಅಂದ: "ಮಾಮ, ಜಿಪಿಯು-ಝಡ್ ಓಪನ್ ಮಾಡಿ. ಬಸ್ ಇಂಟರ್‌ಫೇಸ್ ಅಂತ ಒಂದು ಸಾಲು ಇರುತ್ತೆ, ಓದಿ."

ಜಿಪಿಯು-ಝಡ್ ಅಂದರೆ ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್. ಓದಿದೆ. ಕೊನೆಗೆ ಎಕ್ಸ್4 1.1 ಅಂತಿತ್ತು. ಎಕ್ಸ್4 ಅಂದರೆ ಆ ದಾರಿಯಲ್ಲಿ ನಾಲ್ಕು ಲೇನ್, 1.1 ಅಂದರೆ ಅದರ ತಲೆಮಾರು.

"ಸುಮ್ನೆ ಇದ್ದಾಗ ಕಾರ್ಡು ನಿದ್ದೆ ಮಾಡ್ತಿರುತ್ತೆ, ಅದಕ್ಕೆ 1.1. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿ, ಆಗ ನಿಜ ಗೊತ್ತಾಗುತ್ತೆ." ಒತ್ತಿದೆ. ಎಕ್ಸ್4 2.0 ಆಯಿತು. ಅದಕ್ಕಿಂತ ಮೇಲೆ ಹೋಗಲೇ ಇಲ್ಲ.

"ಮಾಮ, ಕಾರ್ಡು ಎರಡನೇ ಸ್ಲಾಟಲ್ಲಿದೆಯಾ?"

ಆ ಕ್ಷಣ ಹೊಟ್ಟೆಯೊಳಗೆ ತಣ್ಣಗಾಯಿತು. ಗಾಳಿ ಆಡ್ಲಿ ಅಂತ ಸರ್. ಗಾಳಿ ಆಡ್ಲಿ ಅಂತ!

ನನ್ನ ಬೋರ್ಡಿನಲ್ಲಿ ಕಾರ್ಡ್ ಕೂರಿಸುವ ಎರಡು ಉದ್ದ ಸ್ಲಾಟ್ ಇವೆ. ಹೊರಗಿಂದ ಎರಡೂ ಒಂದೇ ಥರ. ಪ್ರೊಸೆಸರಿಗೆ ಹತ್ತಿರದ ಮೇಲಿನ ಸ್ಲಾಟ್ ನೇರ ಪ್ರೊಸೆಸರಿಗೆ ಸೇರುತ್ತದೆ. ಕೆಳಗಿನದು ಚಿಪ್‌ಸೆಟ್ (ಬೋರ್ಡಿನ ಮೇಲಿನ ಇನ್ನೊಂದು ಚಿಪ್) ಮೂಲಕ ಹೋಗುತ್ತದೆ, ಬಿ450ಯಲ್ಲಿ ಅದು ಪಿಸಿಐಇ 2.0, ನಾಲ್ಕೇ ಲೇನ್. 4060ಗೆ ಎಂಟು ಲೇನ್ ಇದೆ. ಮೇಲಿನ ಸ್ಲಾಟಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹೋಗಬೇಕಾದ ಜಾಗದಲ್ಲಿ 2 ಜಿಬಿ ಹೋಗುತ್ತಿತ್ತು. ಎಸ್.ಪಿ. ರೋಡಿನ ಗಲ್ಲಿಯೊಳಗೆ ಲಾರಿ ನುಗ್ಗಿಸಿದ ಹಾಗೆ. ಲಾರಿಯ ಇಂಜಿನ್ ಬದಲಾಯಿಸಿ ಪ್ರಯೋಜನ ಏನು?

ಅಕ್ಕನ ಮಗ ವಿಡಿಯೋದಲ್ಲಿ ನೋಡುತ್ತಿದ್ದ ಹಾಗೇ ಸೈಡ್ ಪ್ಯಾನೆಲ್ ತೆಗೆದು ಟಾರ್ಚ್ ಬಿಟ್ಟೆ. ಮೇಲಿನ ಸ್ಲಾಟಿನ ತುದಿಯಲ್ಲಿ ಕಾರ್ಡ್ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಲ್ಯಾಚ್ ಇರಲಿಲ್ಲ. ಕ್ಯಾಬಿನೆಟ್ ತಳದಲ್ಲಿ, ಧೂಳಿನ ಮಧ್ಯೆ, ಉಗುರಿನಷ್ಟು ಕಪ್ಪು ತುಂಡು ಬಿದ್ದಿತ್ತು. ಅಂಗಡಿ ಹುಡುಗ ಲ್ಯಾಚ್ ಒತ್ತದೆ ಹಳೆ ಕಾರ್ಡ್ ಎಳೆದಿದ್ದಾನೆ, ಮುರಿದಿದೆ. ಹೇಳಿದರೆ ಬೋರ್ಡಿನ ದುಡ್ಡು ಕೊಡಬೇಕಾದೀತು ಅಂತ ಕೆಳಗಿನ ಸ್ಲಾಟಿಗೆ ಹಾಕಿದ್ದಾನೆ. ಮೊದಲ ಸಲ ಹೆದರಿ ಮಾಡಿದ ಅಂತಲೇ ಇಟ್ಟುಕೊಳ್ಳೋಣ. ಪ್ರೊಸೆಸರ್ ಹಾಕುವಾಗ ಕೂಲರ್ ಬಿಚ್ಚಿದ್ದಾರೆ, ಕಾರ್ಡ್ ತೆಗೆದಿದ್ದಾರೆ, ಮತ್ತೆ ಅದೇ ಕೆಳಗಿನ ಸ್ಲಾಟಿಗೆ ಹಾಕಿದ್ದಾರೆ. ಅದನ್ನು ಏನಂತ ಕರೆಯೋಣ?

ಲ್ಯಾಚ್ ಇಲ್ಲದಿದ್ದರೂ ಸ್ಲಾಟ್ ಚೆನ್ನಾಗಿಯೇ ಇತ್ತು. ಕಾರ್ಡನ್ನು ಮೇಲೆ ಹಾಕಿ ಎರಡು ಸ್ಕ್ರೂ ಬಿಗಿ ಮಾಡಿದೆ. ಹತ್ತು ನಿಮಿಷ. ಎಕ್ಸ್8 3.0 ತೋರಿಸಿತು. ಅದೇ ಗೇಮ್, ಅದೇ ಸೆಟ್ಟಿಂಗ್, ಎಫ್‌ಪಿಎಸ್ 80ರ ಆಸುಪಾಸು. ಕಾರ್ಡಿನ ಬಳಕೆ 97%. ಖುಷಿ ಆಗಬೇಕಿತ್ತು ಅಲ್ವಾ? ಅಳು ಬಂತು.

ಫೋಟೋ ಸಮೇತ ಅಂಗಡಿಗೆ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಲ್ಯಾಚ್ ಮೊದಲೇ ಮುರಿದಿತ್ತು ಸರ್."

"ನೀವೇ ಬಿಚ್ಚಿ ಹಾಕಿದೀರ, ಈಗ ನಾವು ಏನೂ ಹೇಳೋಕಾಗಲ್ಲ."

"ಈಗ ಚೆನ್ನಾಗಿ ಓಡ್ತಿದೆ ತಾನೆ ಸರ್?"

ಮೂರನೆಯದನ್ನು ಓದಿ ಫೋನ್ ಸೋಫಾ ಮೇಲೆ ಎಸೆದೆ. ನನ್ನ 3600 ವಾಪಸ್ ಕೊಡಿ, ನಿಮ್ಮ 5600 ತಗೊಳ್ಳಿ ಅಂತ ಕೇಳಿದೆ. "ಅದು ಅವತ್ತೇ ಹೋಯ್ತು ಸರ್." ಆಮೇಲೆ ಬರೀ ಬ್ಲೂ ಟಿಕ್. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆದರೆ ಕಾರ್ಡ್ ಬಿಟ್ಟರೆ ಯಾವುದಕ್ಕೂ ನನ್ನ ಹತ್ತಿರ ಬಿಲ್ ಇಲ್ಲ. ಕೈಬರಹದ ಚೀಟಿಯಲ್ಲಿ ಅಂಗಡಿಯ ಹೆಸರೂ ಇಲ್ಲ. ಅದಕ್ಕೇ ಇಲ್ಲೂ ಹೆಸರು ಬರೆಯುತ್ತಿಲ್ಲ.

ಹೊಸ ಕಾರ್ಡ್ ಹಾಕಿಸುವವರು ಫಿಟ್ಟಿಂಗ್ ಮುಗಿಯುವ ತನಕ ಅಲ್ಲೇ ನಿಂತಿರಿ, ಟೀ ಆಮೇಲೆ ಕುಡಿಯಬಹುದು. ಎಫ್‌ಪಿಎಸ್ ಬರಲಿಲ್ಲ ಅಂದರೆ ದುಡ್ಡು ಕೊಡುವ ಮುಂಚೆ ಆ ಬಸ್ ಇಂಟರ್‌ಫೇಸ್ ಸಾಲು ನೋಡಿ, ಟೆಸ್ಟ್ ಓಡಿಸಿಯೇ ನೋಡಿ. ಕಾರ್ಡೂ ಅರ್ಧ, ಯಾವ ಕೋರೂ ತುಂಬಿಲ್ಲ ಅಂದರೆ ತಪ್ಪು ಮಧ್ಯದ ದಾರಿಯಲ್ಲಿರಬಹುದು. ಬಿಲ್ ತಗೊಳ್ಳಿ. 18% ಹೋದರೆ ಹೋಗಲಿ.

ನನ್ನ ಹಳೇ 1650ಯನ್ನು ಅಕ್ಕನ ಮಗನಿಗೆ ಕೊರಿಯರ್ ಮಾಡಿದ್ದೇನೆ. 3600 ಇದ್ದಿದ್ದರೆ ಅದೂ ಅವನಿಗೇ ಹೋಗುತ್ತಿತ್ತು. ಡಬ್ಬದೊಳಗೆ ಒಂದು ಚೀಟಿ ಇಟ್ಟಿದ್ದೇನೆ: "ಮೇಲಿನ ಸ್ಲಾಟು. ತೆಗೆಯುವಾಗ ಲ್ಯಾಚ್ ಒತ್ತು." ಅವನಿಗೆ ಗೊತ್ತಿದೆ. ಆದರೂ ಇಟ್ಟೆ.