ಬೈಕಿಗೆ ಟ್ಯೂನರ್ ಬಾಕ್ಸ್ ಹಾಕಿಸುವ ಮೊದಲು ಇದನ್ನು ಓದಿ

ಫ್ಯುಯಲ್ ಇಂಜೆಕ್ಷನ್ ಬೈಕಿಗೆ ಟ್ಯೂನರ್, ಅಂದರೆ ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಲೆಕ್ಕ ಬದಲಿಸುವ ಸಾಧನ, ಹಾಕಿಸಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಒಂದು ಮಾತು. ಎಂಜಿನ್ನಿಗೆ ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಹೋಗುತ್ತಿದೆ ಎಂದು ಅಳೆದು ತೋರಿಸಲಾಗದ ಅಂಗಡಿಯಲ್ಲಿ ಅದನ್ನು ಹಾಕಿಸಲೇಬೇಡಿ. ಬಾಕ್ಸ್ ಎಷ್ಟೇ ಅಗ್ಗವಾಗಿರಲಿ, ಅಂಗಡಿಯವರು ಎಷ್ಟೇ ಪರಿಚಯದವರಾಗಿರಲಿ.

ನನ್ನದು 400 ಸಿಸಿ ಆಸುಪಾಸಿನ ಸಿಂಗಲ್ ಸಿಲಿಂಡರ್ ಗಾಡಿ, ಬಿಎಸ್6. ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಹೋಗುವಾಗ ಜಗ್ಗುತ್ತಿತ್ತು, ಕಾಲಿಗೆ ಬಿಸಿ ಹೊಡೆಯುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಇಂಥ ದೂರು ನೀವೂ ಕೇಳಿರುತ್ತೀರಿ. ಹೊಗೆ ಕಡಿಮೆ ಇರಬೇಕೆಂದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಬಿಗಿಯಾಗಿ ಇಟ್ಟಿರುತ್ತಾರೆ, ಪೆಟ್ರೋಲ್ ಒಂದಿಷ್ಟೂ ಜಾಸ್ತಿ ಹೋಗುವುದಿಲ್ಲ. ಅಂಗಡಿಯಲ್ಲಿ ಹೇಳಿದ್ದು ಇಷ್ಟೇ: "ಒಂದು ಬಾಕ್ಸ್ ಹಾಕಿಬಿಡೋಣ ಸರ್. ವೈರ್ ಜೋಡಿಸುವ ಕಪ್ಲರ್‌ಗೆ ಚುಚ್ಚಿದ್ರೆ ಆಯ್ತು. ಪಿಕಪ್ ಜಾಸ್ತಿ ಆಗುತ್ತೆ, ಮೈಲೇಜ್ ಬೀಳಲ್ಲ."

ಹಾಕಿಸಿದೆ. ಮೊದಲ ಕೆಲವು ದಿನ ಗಾಡಿ ನಿಜಕ್ಕೂ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ಜಗ್ಗಾಟ. ಇದು ಯಾಕೆ ಹೀಗೆ ಅಂತ ತಿಳಿದುಕೊಳ್ಳುವುದು ಮುಖ್ಯ, ಯಾಕಂದ್ರೆ ಎಷ್ಟೋ ಜನ ಆ ಮೊದಲ ವಾರದ ಖುಷಿಯಲ್ಲೇ ಗೆಳೆಯರಿಗೂ ಅದೇ ಬಾಕ್ಸ್ ಹೇಳಿಬಿಡುತ್ತಾರೆ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಸುಟ್ಟ ಗಾಳಿಯಲ್ಲಿ ಆಮ್ಲಜನಕ ಉಳಿದಿದೆಯೋ ಇಲ್ಲವೋ ಎಂದು ಅದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಹೇಳುತ್ತಲೇ ಇರುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಆ ಮಾತು ಕೇಳಿಕೊಂಡು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ನೀವು ಹೊರಗಿನಿಂದ ಪೆಟ್ರೋಲ್ ಸೇರಿಸಿದರೆ, "ಜಾಸ್ತಿ ಆಯ್ತು" ಎಂದು ಇಸಿಯು ಅಷ್ಟನ್ನೇ ಕಡಿಮೆ ಮಾಡಿಕೊಳ್ಳುತ್ತದೆ, ಅದನ್ನು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಲಾಭ ಅಲ್ಲಿಗೆ ಮುಗಿಯಿತು.

ಮತ್ತೆ ಹೋಗಿ ಕೇಳಿದಾಗ ಅಂಗಡಿಯವರು ಆಕ್ಸಿಜನ್ ಸೆನ್ಸರ್ ಕಪ್ಲರ್ ಬಿಚ್ಚಿ, ಅದರ ಜಾಗಕ್ಕೆ ಒಂದು ಸಣ್ಣ ಪ್ಲಗ್ ಚುಚ್ಚಿ ಕಳಿಸಿದರು. ಇಸಿಯುಗೆ ಅದು ಸುಳ್ಳು ಸಿಗ್ನಲ್ ಕೊಡುತ್ತದೆ. ಮೀಟರಿನಲ್ಲಿ ಎಂಜಿನ್ ದೀಪ ಹತ್ತುವುದಿಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದರ ಮೇಲೆಯೇ. ಎಂಜಿನ್ನಿನ ಕಣ್ಣು ಕಟ್ಟಿ, ಅಳತೆಯಿಲ್ಲದೆ ಪೆಟ್ರೋಲ್ ಸುರಿಯುವ ಕೆಲಸ ಇದು. ಅಂಗಡಿಯಲ್ಲಿ ಮಿಶ್ರಣ ಅಳೆಯುವ ಸಾಧನವೇ ಇರಲಿಲ್ಲ. ಸೈಲೆನ್ಸರ್ ಸದ್ದು ಕೇಳಿ "ಈಗ ಸರಿ ಆಯ್ತು" ಅಂದರು.

ಆಮೇಲೆ ನಡೆದದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರ ದಾಟಿ ಇಳಿಯುತ್ತಿದ್ದೆ, ಒಳ್ಳೆಯ ಮಳೆ. ತಿರುವಿನ ನಡುವೆ ಎಂಜಿನ್ ಪೂರ್ತಿ ನಿಂತಿತು. ಹಿಂದೆ ಬಸ್ಸಿತ್ತು. ಚಾಲಕ ಗಮನಿಸಿ ಬ್ರೇಕ್ ಹಾಕಿದ್ದರಿಂದ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ. ಸರ್ವಿಸ್ ಸೆಂಟರಿನಲ್ಲಿ ಟ್ಯಾಂಕ್ ಎತ್ತಿ ನೋಡಿದಾಗ ಕಾರಣ ಗೊತ್ತಾಯಿತು. ಕಪ್ಲರ್‌ಗೆ ಚುಚ್ಚುತ್ತೇವೆ ಅಂದವರು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರನ್ನೇ ಕತ್ತರಿಸಿ, ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನೊಳಗೆ ನೀರು ಹೋಗಿ ತಂತಿ ಹಸಿರು ಹಿಡಿದಿತ್ತು. ಸ್ಪಾರ್ಕ್ ಪ್ಲಗ್ ಮಸಿಯಂತೆ ಕಪ್ಪು. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಸರಿಯಾಗಿ ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಜಾಲರಿ ಕರಗಿ ಮುಚ್ಚಿಕೊಳ್ಳತೊಡಗಿತ್ತು. ವೈರಿಂಗ್ ಕತ್ತರಿಸಿದ್ದಕ್ಕೆ ವಾರಂಟಿ ಸಿಗಲಿಲ್ಲ. ಸರ್ವಿಸ್ ಸೆಂಟರಿನವರು ಹೇಳಿದ್ದು ನ್ಯಾಯವೇ. ವೈರಿಂಗ್ ಮತ್ತು ಸೈಲೆನ್ಸರ್ ಬದಲಿಸಲು ಆದ ಖರ್ಚು ಬಾಕ್ಸಿನ ಬೆಲೆಯ ಎಷ್ಟೋ ಪಟ್ಟು.

ಹಾಗಂತ ಎಲ್ಲ ಟ್ಯೂನರ್‌ಗಳೂ ಕೆಟ್ಟವು ಅಂತಲ್ಲ. ಆದರೆ ಒಂದೇ ಹೆಸರಿನಲ್ಲಿ ತುಂಬಾ ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಗಾಳಿಯ ಬಿಸಿ ಅಳೆಯುವ ಸೆನ್ಸರಿಗೆ ಒಂದು ರೆಸಿಸ್ಟರ್ ಸೇರಿಸಿ, "ಗಾಳಿ ತಣ್ಣಗಿದೆ" ಎಂದು ಇಸಿಯುವನ್ನು ನಂಬಿಸುವ ತುಂಡೂ ಟ್ಯೂನರ್. ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಪೆಟ್ರೋಲ್ ಪ್ರಮಾಣ ಬದಲಿಸುವ ಬಾಕ್ಸೂ ಟ್ಯೂನರ್. ಕೆಲವು ಕಿಡಿ ಹಾರುವ ಸಮಯವನ್ನೂ ಬದಲಿಸುತ್ತವೆ. ಇಲ್ಲಿ ತುಂಬಾ ಹುಷಾರಾಗಿರಬೇಕು. ಕಿಡಿ ಬೇಗ ಹಾರಿದರೆ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ಕಟಕಟ ಅನ್ನುವುದು) ಶುರುವಾಗಬಹುದು, ಬೇಸಿಗೆಯಲ್ಲಿ ಲೋಡ್ ಹಾಕಿ ಏರು ಹತ್ತಿಸಿದರೆ ಪಿಸ್ಟನ್ನೇ ಹೋಗಬಹುದು. 95 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಪೆಟ್ರೋಲಿಗೆ ಮಾಡಿದ ಮ್ಯಾಪನ್ನು (ಯಾವಾಗ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬ ಪಟ್ಟಿಯನ್ನು) 91 ಹಾಕುವ ಗಾಡಿಗೆ ತುಂಬಿಸಬಾರದು. ಕೊನೆಯದು ಇಸಿಯುವಿನ ಒಳಗಿನ ಮ್ಯಾಪನ್ನೇ ಬದಲಿಸುವುದು. ಅದನ್ನು ಮಾಡಿಸುವುದಾದರೆ ಕಂಪನಿಯ ಮೂಲ ಫೈಲಿನ ಪ್ರತಿ ನಿಮ್ಮ ಹತ್ತಿರ ಇರಲಿ.

ಬಾಕ್ಸಿನ ಜೊತೆಗೇ ಬರುವ ರೆಡಿ ಮ್ಯಾಪ್ ಬಗ್ಗೆ ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬರೀ ಪೆಟ್ರೋಲ್ ಪೂರ್ತಿ ಸುಡಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇ20ಗೆ (ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ) ಸಾಕಾಗುವುದು ಸುಮಾರು 13.5 ಪಾಲು. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20ಯೇ ಅಲ್ವಾ? ಹಳೇ ಪೆಟ್ರೋಲ್ ಇಟ್ಟುಕೊಂಡು ಮಾಡಿದ ಮ್ಯಾಪ್, ಸೆನ್ಸರ್ ಬಿಚ್ಚಿದ ಗಾಡಿಯಲ್ಲಿ, ಇ20ಗೆ ಲೀನ್ (ಗಾಳಿ ಜಾಸ್ತಿ, ಇಂಧನ ಕಡಿಮೆ) ಆಗಬಹುದು. ಯಾವ ಕಡೆ ತಪ್ಪಿದೆ ಎಂದು ಅಳೆಯದೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಪಿಕಪ್ ಬಗ್ಗೆ ಅಲ್ಲ. ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇದೆಯಾ, ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ ಹಾಕುವ ಮೊದಲಿನ ಮತ್ತು ಹಾಕಿದ ಮೇಲಿನ ರೀಡಿಂಗ್ ಎರಡನ್ನೂ ಕೊಡುತ್ತೀರಾ ಎಂದು ಕೇಳಿ. ನಿಮ್ಮ ಮಾಡೆಲ್ಲಿಗೆ, ಈಗಿರುವ ಸೈಲೆನ್ಸರಿಗೆ ಮಾಡಿದ ಮ್ಯಾಪ್ ಇದೆಯಾ ಎಂದು ಕೇಳಿ. ವೈರ್ ಕತ್ತರಿಸುವುದಾದರೆ ಅಲ್ಲಿಂದಲೇ ವಾಪಸ್ ಬನ್ನಿ. ಕಂಪನಿ ಕಪ್ಲರ್‌ಗೆ ಸರಿಯಾಗಿ ಕೂರುವ, ನೀರು ಹೋಗದ ಕಪ್ಲರ್ ಇರಬೇಕು. ಬಿಚ್ಚಿದರೆ ಗಾಡಿ ಮೊದಲಿನಂತೆಯೇ ಆಗಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ ಅನ್ನುವುದೂ ಗೊತ್ತಿರಲಿ. ಜಗ್ಗಾಟ ಮಾತ್ರ ತೊಂದರೆ ಅಂದರೆ ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಕ್ಲೀನಿಂಗ್, ಚೈನ್ ಟೈಟ್ ಎಲ್ಲ ನೋಡಿಸಿ. ನನ್ನ ಗಾಡಿಯ ಜಗ್ಗಾಟ ಕೊನೆಗೆ ಮುಕ್ಕಾಲು ಪಾಲು ಹೋದದ್ದು ಥ್ರಾಟಲ್ ಬಾಡಿ ಕ್ಲೀನ್ ಮಾಡಿ, ಚೈನ್ ಸರಿ ಮಾಡಿದ ಮೇಲೆ.

ಈಗಾಗಲೇ ಇಂಥ ಬಾಕ್ಸ್ ಹಾಕಿಸಿದ್ದರೆ, ದಯವಿಟ್ಟು ಈ ವಾರವೇ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಬಣ್ಣ ನೋಡಿ. ಆಯಿಲ್ ಮಟ್ಟ ಏರಿದೆಯಾ, ಪೆಟ್ರೋಲ್ ವಾಸನೆ ಬರುತ್ತಿದೆಯಾ ನೋಡಿ. ಆಕ್ಸಿಜನ್ ಸೆನ್ಸರ್ ಅದರ ಕಪ್ಲರಿನಲ್ಲೇ ಇದೆಯಾ, ಇಂಜೆಕ್ಟರ್ ವೈರಿಗೆ ಎಲ್ಲಾದರೂ ಟೇಪ್ ಸುತ್ತಿದ್ದಾರಾ ನೋಡಿ. ಟೇಪ್ ಕಂಡರೆ, ವೈರಿಂಗ್ ಸರಿ ಮಾಡಿಸುವವರೆಗೂ ಘಾಟಿಗೆ ಹೋಗಬೇಡಿ.