ಮೂಸ್ ಬೇಟೆಗೆ ಯಾವ ತೋಟಾ? ಮೂರನ್ನೂ ಹೊಡೆದು ನೋಡಿದೆ

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಈಗಿರುವುದು ಉತ್ತರ ಸ್ವೀಡನ್ನಿನಲ್ಲಿ. ಊರಲ್ಲಿ ಕೋವಿಗೆ ಪೂಜೆ ಮಾಡುವ ಸೆಪ್ಟೆಂಬರ್ ಆರಂಭದಲ್ಲೇ ಇಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆ ಶುರುವಾಗುತ್ತದೆ.

ದೊಡ್ಡ ಗಂಡು ಮೂಸ್ 400–500 ಕೆ.ಜಿ. ತೂಗುತ್ತದೆ. ನಮ್ಮ ಕಡವೆ ಅದರ ಪಕ್ಕ ನಿಂತರೆ ಕರುವಿನ ಹಾಗೆ ಕಾಣುತ್ತದೆ. ಹಾಗಾಗಿ ಬೇಟೆ ಪರೀಕ್ಷೆ ಪಾಸಾದ ಮೇಲೆ ತೋಟಾ ಯಾವುದು ಅನ್ನೋದೇ ದೊಡ್ಡ ಚಿಂತೆಯಾಯಿತು. ನನ್ನ ಬೇಟೆ ತಂಡದವರು ಮೂರು ರೈಫಲ್ ಎರವಲು ಕೊಟ್ಟರು: 6.5×55, .308, 9.3×62. ಇವು ಆ ರೈಫಲ್‌ಗಳಿಗೆ ಹಾಕುವ ತೋಟಾಗಳ ಹೆಸರು; ಮೊದಲ ಅಂಕಿ ಗುಂಡಿನ ದಪ್ಪವನ್ನು ಸೂಚಿಸುತ್ತದೆ, ಮಿಲಿಮೀಟರಿನಲ್ಲಿ (.308 ಮಾತ್ರ ಇಂಚಿನಲ್ಲಿ). ಗುಂಡು 10 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೂಗಿದರೆ 100 ಮೀಟರ್ ದೂರದಲ್ಲಿ ಅದಕ್ಕೆ ಕನಿಷ್ಠ 2000 ಜೂಲ್ ಶಕ್ತಿ ಉಳಿದಿರಬೇಕು. ಇದು ಇಲ್ಲಿನ ಕಾನೂನು. ಮೂರೂ ಇದನ್ನು ದಾಟುತ್ತವೆ.

ಮೊದಲು ಹಿಡಿದದ್ದು 9.3. ಬರ್ಲಿನ್ನಿನ ಓಟೋ ಬಾಕ್ 1905ರಲ್ಲಿ ಮಾಡಿದ ತೋಟಾ ಇದು, ಗುಂಡು 18.5 ಗ್ರಾಂ. ಅಭ್ಯಾಸದ ಜಾಗದಲ್ಲಿ 80 ಮೀಟರ್ ದೂರಕ್ಕೆ ಹಳಿಯ ಮೇಲೆ ಮೂಸ್ ಆಕಾರದ ಹಲಗೆ ಓಡುತ್ತದೆ. ಹತ್ತು ಗುಂಡು ಚೆನ್ನಾಗಿಯೇ ಬಿದ್ದವು. ಆಮೇಲೆ ಹಲಗೆಯ ಹೊಟ್ಟೆಯ ಕಡೆ ಜಾರತೊಡಗಿದವು. ಗೆಳೆಯನೊಬ್ಬ ನನಗೆ ಹೇಳದೆ ಖಾಲಿ ರೈಫಲ್ ಕೈಗಿಟ್ಟ. ಕುದುರೆ (ಟ್ರಿಗರ್) ಎಳೆದೆ. ಟಿಕ್ ಅಂದಿತು ಅಷ್ಟೇ, ಆದರೆ ನಳಿಕೆಯ ತುದಿ ಒಂದು ಗೇಣು ಕೆಳಗಿಳಿದಿತ್ತು! ಗುಂಡು ಹಾರುವಾಗ ರೈಫಲ್ ಹಿಂದಕ್ಕೆ ಕೊಡುವ ಒದೆತಕ್ಕೆ ಹೆದರಿ ಹೆಗಲು ಮೊದಲೇ ಬೆಚ್ಚಿತ್ತು. ಹೊಟ್ಟೆಗೆ ಗುಂಡು ತಿಂದ ಪ್ರಾಣಿ ಎಷ್ಟು ಹೊತ್ತು ನರಳುತ್ತದೆ ಅಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

6.5×55ರಲ್ಲಿ ಹಾಗಾಗಲೇ ಇಲ್ಲ. ಸ್ವೀಡನ್ ಮತ್ತು ನಾರ್ವೆ ಸೇರಿ 1891ರಲ್ಲಿ ಸೈನ್ಯಕ್ಕೆ ರೂಪಿಸಿದ ಸಣ್ಣ ತೋಟಾ. ಬೇಟೆಗೆ 10.1 ಗ್ರಾಂ ಗುಂಡು ಹಾಕುತ್ತಾರೆ. ಒದೆತ ಮೆತ್ತಗೆ, ಮೂವತ್ತನೇ ಗುಂಡೂ ಮೊದಲನೆಯದರ ಪಕ್ಕದಲ್ಲೇ ಬಿತ್ತು.

1952ರ .308 ಇವೆರಡರ ನಡುವೆ ನಿಲ್ಲುತ್ತದೆ. ತೋಟಾ ಎಲ್ಲಾ ಕಡೆ ಸಿಗುತ್ತದೆ, ಯಾವ ದೂರೂ ಇಲ್ಲ. ಒಂದೇ ರೈಫಲ್ ಕೊಳ್ಳುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಇದನ್ನೇ ತಗೊಳ್ಳಿ.

ಕಾಡಿನಲ್ಲಿ ಮಾತ್ರ 9.3 ತನ್ನ ಗುಣ ತೋರಿಸಿತು. ಮೊದಲ ವರ್ಷ ಅದರಲ್ಲಿ ಹೊಡೆದ ಹೆಣ್ಣು ಮೂಸ್ ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು. ಗುಂಡು ಭಾರ, ವೇಗ ಕಡಿಮೆ. ತೂತಿನ ಸುತ್ತ ಮಾಂಸವೂ ಅಷ್ಟಾಗಿ ಹಾಳಾಗಿರಲಿಲ್ಲ. ಮರುವರ್ಷ 6.5ರಲ್ಲಿ ಹೊಡೆದ ಗಂಡು ಎಪ್ಪತ್ತು ಹೆಜ್ಜೆ ಓಡಿತು. ಗುಂಡು ಶ್ವಾಸಕೋಶದ ನಡುವೆಯೇ ಹೋಗಿತ್ತು, ಆದರೆ ಹೊರಗೆ ಬಿದ್ದ ರಕ್ತ ಕಮ್ಮಿ. ಸೆಪ್ಟೆಂಬರಿನಲ್ಲಿ ಬ್ಲೂಬೆರಿ ಗಿಡದ ಎಲೆಗಳೂ ಕೆಂಪಾಗುತ್ತವೆ. ಮಂಡಿಯೂರಿ ಒಂದೊಂದೇ ಎಲೆ ಬೆರಳಲ್ಲಿ ಒರೆಸಿ ನೋಡಿದೆ. ಕೊನೆಗೆ ಒಂದು ಎಲೆಯ ಮೇಲೆ ನೊರೆನೊರೆಯಾದ ತಿಳಿಗೆಂಪು ಹನಿ ಸಿಕ್ಕಿತು.

ಇಷ್ಟಾದರೂ ನಾನು ಕೊಂಡದ್ದು 6.5. ನನ್ನ ಹೆಗಲು ಬೆಚ್ಚದ ತೋಟಾ ಅದೊಂದೇ. ಅದಕ್ಕೆ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ: 80 ಮೀಟರ್ ಆಚೆಗೆ ಹೊಡೆಯುವುದಿಲ್ಲ, ಪ್ರಾಣಿ ಪೂರ್ತಿ ಅಡ್ಡ ನಿಲ್ಲುವವರೆಗೆ ಕಾಯುತ್ತೇನೆ, ಹೆಗಲ ಮೂಳೆಗೆ ಗುರಿ ಇಡುವುದಿಲ್ಲ. ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವಂತಿರಬೇಕು ಅನ್ನೋದು ಇಲ್ಲಿನ ನಿಯಮ. ನಾನಂತೂ ಬೆಳಿಗ್ಗೆ ಯಾರು ಎಲ್ಲಿ ಕಾಯಬೇಕೆಂದು ಜಾಗ ಹಂಚುವಾಗ, ನಾಯಿ ಇರುವವರ ಪಕ್ಕದ ಜಾಗವನ್ನೇ ಕೇಳಿ ತೆಗೆದುಕೊಳ್ಳುತ್ತೇನೆ.